ಪದ ಪರಿಚಯ: ಕ್ರಿಟಿಕಲ್ ಅಗ್ರಿಗೇಷನ್ ಕಾನ್ಸಂಟ್ರೇಷನ್

ನೀರಿನಲ್ಲಿ ಪಾಲಿಮರ್ (ಸಣ್ಣ ಘಟಕಗಳು ಸರಪಳಿಯಂತೆ ಜೋಡಿಕೊಂಡ ಉದ್ದನೆಯ ಅಣು) ಕರಗಿರುವಾಗ ಸರ್ಫ್ಯಾಕ್ಟೆಂಟ್‌ನ, ಅಂದರೆ ಸಾಬೂನಿನಂಥ ವಸ್ತುವಿನ, ಅಣುಗಳು ಅದರ ಸರಪಳಿಯ ಮೇಲೆ ಗುಂಪುಗೂಡಲು ತೊಡಗುವ ಸಾಂದ್ರತೆಗೆ ಈ ಹೆಸರು. ಚಿಕ್ಕದಾಗಿ ಸಿಎಸಿ ಎನ್ನುತ್ತಾರೆ.

ಸರ್ಫ್ಯಾಕ್ಟೆಂಟ್ ಅಣುವಿನ ತಲೆ ನೀರಿಗೆ ಒಗ್ಗುತ್ತದೆ, ಬಾಲ ಒಗ್ಗುವುದಿಲ್ಲ. ಆದ್ದರಿಂದ ಸಾಂದ್ರತೆ ಒಂದು ಮಿತಿಯನ್ನು ದಾಟಿದೊಡನೆ ಅಣುಗಳು ಬಾಲಗಳನ್ನು ಒಳಗಿಟ್ಟುಕೊಂಡು ಮಿಸೆಲ್ ಎಂಬ ಉಂಡೆಗಳಾಗುತ್ತವೆ. ಋಣ ವಿದ್ಯುದಂಶದ ತಲೆಯುಳ್ಳ ಸರ್ಫ್ಯಾಕ್ಟೆಂಟ್ ಆದ ಸೋಡಿಯಂ ಡೋಡೆಸಿಲ್ ಸಲ್ಫೇಟ್‌ಗೆ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಈ ಮಿತಿ ಲೀಟರಿಗೆ ಸುಮಾರು 8 ಮಿಲಿಮೋಲ್, ಅಂದರೆ ಎರಡು ಗ್ರಾಂಗಿಂತ ತುಸು ಹೆಚ್ಚು. ಅದೇ ನೀರಿನಲ್ಲಿ ಪಾಲಿಎಥಿಲೀನ್ ಆಕ್ಸೈಡ್ ಎಂಬ, ವಿದ್ಯುದಂಶವಿಲ್ಲದ ಪಾಲಿಮರ್ ಇದ್ದರೆ ಗುಂಪುಗೂಡುವಿಕೆ 4–5 ಮಿಲಿಮೋಲ್‌ನಲ್ಲೇ ಶುರುವಾಗುತ್ತದೆ. ಮಿಸೆಲ್‌ನ ಹೊರಮೈಯಲ್ಲಿ ತಲೆಗಳ ನಡುವೆ ನೀರಿಗೆ ತಾಗಿಕೊಂಡಿರುವ ಬಾಲದ ಭಾಗವನ್ನು ಪಾಲಿಮರ್‌ನ ತುಣುಕುಗಳು ಮುಚ್ಚುವುದರಿಂದ ಗುಂಪಾಗುವುದು ಸುಲಭವಾಗುತ್ತದೆ. ಒಂದೇ ಸರಪಳಿಯಲ್ಲಿ ಇಂಥ ಸಣ್ಣ ಮಿಸೆಲ್‌ಗಳು ದಾರಕ್ಕೆ ಪೋಣಿಸಿದ ಮಣಿಗಳಂತೆ ಕೂರುತ್ತವೆ. ಅವುಗಳ ಋಣ ವಿದ್ಯುದಂಶ ಒಂದನ್ನೊಂದು ದೂಡಿ ಸರಪಳಿಯನ್ನು ಬಿಡಿಸುವುದರಿಂದ ದ್ರಾವಣ ಮಂದವಾಗುತ್ತದೆ. 1967ರಲ್ಲಿ ಜೋನ್ಸ್ ಎಂಬ ಸಂಶೋಧಕರು ಈ ಜೋಡಿಯಲ್ಲಿ ಎರಡು ತಿರುವುಗಳನ್ನು ಗುರುತಿಸಿದರು: ಮೊದಲನೆಯದು ಸಿಎಸಿ, ಎರಡನೆಯದು ಸರಪಳಿ ಭರ್ತಿಯಾಗಿ, ಬಿಡಿ ಮಿಸೆಲ್‌ಗಳು ಹುಟ್ಟತೊಡಗುವ ಹಂತ.

ಎಲ್ಲ ಜೋಡಿಗಳೂ ಹೀಗೆ ಕೂಡಿಕೊಳ್ಳುವುದಿಲ್ಲ. ಮಲೆನಾಡಿನ ಮನೆಗಳಲ್ಲಿ ತಲೆಸ್ನಾನಕ್ಕೆ ಸೀಗೆಪುಡಿಯೊಡನೆ ದಾಸವಾಳದ ಸೊಪ್ಪನ್ನು ಕಿವುಚಿದ ಲೋಳೆಯನ್ನು ಬೆರೆಸುವುದುಂಟು. ಸೀಗೆಯಲ್ಲಿ ನೊರೆ ಬರಿಸುವ ಸಪೋನಿನ್ ಸರ್ಫ್ಯಾಕ್ಟೆಂಟ್, ಲೋಳೆಯ ಪಾಲಿಸ್ಯಾಕರೈಡ್ (ಸಕ್ಕರೆ ಘಟಕಗಳ ಸರಪಳಿ) ಪಾಲಿಮರ್ ಎಂಬುದು ನಿಜ. ಆದರೆ ಎರಡರಲ್ಲಿ ಯಾವುದಕ್ಕೂ ಧನ ವಿದ್ಯುದಂಶವಿಲ್ಲದ್ದರಿಂದ ಅವುಗಳ ನಡುವೆ ಬಲವಾದ ಸೆಳೆತವನ್ನು ನಿರೀಕ್ಷಿಸುವಂತಿಲ್ಲ. ಅಲ್ಲಿ ಲೋಳೆಯ ಮುಖ್ಯ ಕೆಲಸ ನೀರನ್ನು ಮಂದಗೊಳಿಸಿ ಕೂದಲಿಗೆ ಜಾರಿಕೆ ಕೊಡುವುದೆಂದು ತಿಳಿಯುವುದೇ ಸರಿ.

ಪಾಲಿಮರ್‌ಗೂ ಸರ್ಫ್ಯಾಕ್ಟೆಂಟ್‌ಗೂ ವಿರುದ್ಧ ವಿದ್ಯುದಂಶಗಳಿದ್ದಾಗ ಮಾತ್ರ ಆಟವೇ ಬೇರೆ. ಸಿಎಸಿ ಹತ್ತಾರು, ಕೆಲವೊಮ್ಮೆ ನೂರಾರು ಪಟ್ಟು ಕೆಳಗಿಳಿಯುತ್ತದೆ. ಧನ, ಋಣ ಸರಿಸಮವಾಗುವ ಹಂತದಲ್ಲಿ ದ್ರಾವಣ ಕದಡಿ ಮಂದವಾದ ದ್ರವವೋ ಗಸಿಯೋ ಬೇರ್ಪಡುತ್ತದೆ. ಸರ್ಫ್ಯಾಕ್ಟೆಂಟ್ ಇನ್ನೂ ಹೆಚ್ಚಾದರೆ ಬೇರ್ಪಟ್ಟದ್ದು ಮತ್ತೆ ಕರಗಿಬಿಡುತ್ತದೆ. ಗೋರಿಕಾಯಿ ಬೀಜದ ಪಾಲಿಮರ್ ಆದ ಗೌರ್ ಗೋಂದಿನ ಧನ ವಿದ್ಯುದಂಶದ ರೂಪವನ್ನು ಸೇರಿಸಿದ ಶಾಂಪೂಗಳು ಬಳಸಿಕೊಳ್ಳುವುದು ಇದನ್ನೇ. ಬಾಟಲಿಯೊಳಗೆ ಸರ್ಫ್ಯಾಕ್ಟೆಂಟ್ ಧಾರಾಳವಾಗಿರುವುದರಿಂದ ಎಲ್ಲವೂ ಕರಗಿಯೇ ಇರುತ್ತದೆ, ತಲೆಗೆ ನೀರು ಸುರಿದು ಸಾಂದ್ರತೆ ಕುಸಿದಾಗ ಪಾಲಿಮರ್‌ನ ಸಂಕೀರ್ಣ ಬೇರ್ಪಟ್ಟು ಕೂದಲಿನ ಮೇಲೆ ಕೂರುತ್ತದೆ. ಹಾಗಾಗಿ ಆ ನಯ ನೊರೆ ಬರುವಾಗಲ್ಲ, ತೊಳೆಯುವಾಗ ಹತ್ತುತ್ತದೆ.