ಮೈಯ ಕೆಸರು ಒಣಗಲಿ, ಪಾದದ್ದು ಬೇಡ

ಮಳೆಗಾಲದಲ್ಲಿ ಸಿಂಧನೂರು, ಮಸ್ಕಿ ಕಡೆಯಿಂದ ಚಿಕಿತ್ಸೆಗೆ ಬರುವ ನಾಯಿಗಳದ್ದು ಹೆಚ್ಚಾಗಿ ಒಂದೇ ದೂರು. ಬೆರಳ ಸಂದು ಕೆಂಪಾಗಿರುತ್ತದೆ, ನಾಯಿ ಕಾಲು ನೆಕ್ಕುತ್ತಲೇ ಇರುತ್ತದೆ, ಮೈಯೆಲ್ಲ ಮುಗ್ಗಲು ವಾಸನೆ. "ದಿನಾ ಸಾಬೂನು ಹಚ್ಚಿ ತೊಳೀತೀವ್ರಿ ಸರ, ಆದ್ರೂ ಹಿಂಗಾಗೈತಿ" ಎನ್ನುತ್ತಾರೆ. ಬಹಳ ಸಲ ತೊಂದರೆ ಶುರುವಾಗುವುದೇ ಆ ದಿನನಿತ್ಯದ ತೊಳೆಯುವಿಕೆಯಿಂದ.

ನಮ್ಮ ಸೀಮೆಯ ಎರೆ ಮಣ್ಣಿನಲ್ಲಿ ಜೇಡಿ ಜಾಸ್ತಿ. ನೀರು ಹೀರಿ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಬೇಸಿಗೆಯಲ್ಲಿ ಹೊಲ ಬಿರುಕು ಬಿಡುವುದು ಇದಕ್ಕೇ. ಹಸಿ ಎರೆ ರಾಡಿಗೆ ನೀರು ಸುರಿದು ಉಜ್ಜಿದರೆ ಅದು ಹೋಗುವುದಿಲ್ಲ, ಗೋಡೆಗೆ ಸಾರಿಸಿದ ಹಾಗೆ ಕೂದಲ ಬುಡಕ್ಕೆ ಇಳಿಯುತ್ತದೆ. ಆದ್ದರಿಂದ ಮೈ, ಬೆನ್ನು, ಹೊಟ್ಟೆಯ ಕೆಸರನ್ನು ಮೊದಲು ಒಣಗಲು ಬಿಡಿ. ಪಡಸಾಲೆಯಲ್ಲಿ ಗೋಣಿಚೀಲ ಹಾಸಿ, ಫ್ಯಾನ್ ಹಚ್ಚಿ, ನಾಯಿಯನ್ನು ಕಟ್ಟಿಹಾಕಿ. ಒಣಗಿದ ಮೇಲೆ ಹೆಂಟೆಗಳನ್ನು ಬೆರಳಲ್ಲಿ ಪುಡಿ ಮಾಡಿ, ಕೂದಲು ಮಲಗಿದ ದಿಕ್ಕಿಗೆ ಬ್ರಷ್ ಎಳೆಯಿರಿ. ಕೊನೆಗೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಮುಧೋಳ ನಾಯಿಯ ಗಿಡ್ಡ ಕೂದಲಿಗೆ ಇಷ್ಟೂ ಬೇಕಾಗುವುದಿಲ್ಲ. ಮಸಾರಿ, ಅಂದರೆ ಮರಳು ಬೆರೆತ ಕೆಂಪು ಮಣ್ಣಾದರೆ ಕೊಡವಿದರೂ ಉದುರುತ್ತದೆ. ಸಂಡೂರು ಗಣಿ ಕಡೆಯ ಕೆಂಪು ಕೆಸರು ಬಿಳಿ ಕೂದಲಿಗೆ ಬಣ್ಣ ಹತ್ತಿಸುತ್ತದೆ. ಆ ಬಣ್ಣ ಉಳಿದರೆ ಉಳಿಯಲಿ, ತೆಗೆಯಲು ಬ್ಲೀಚಿಂಗ್ ಪುಡಿ ಮಾತ್ರ ಮುಟ್ಟಬೇಡಿ.

ಪಾದದ ಲೆಕ್ಕ ಬೇರೆ. ಬೆರಳ ಸಂದಿನಲ್ಲಿ ಸಿಕ್ಕ ಎರೆ ಮಣ್ಣು ಒಣಗುತ್ತಾ ಗಟ್ಟಿ ಉಂಡೆಯಾಗಿ ಕೂದಲನ್ನು ಜಗ್ಗುತ್ತದೆ. ಚರ್ಮ ತರಚುತ್ತದೆ, ನಾಯಿ ನೆಕ್ಕುತ್ತದೆ, ನೆಕ್ಕಿದ ಜಾಗ ಒದ್ದೆಯಾಗಿಯೇ ಉಳಿಯುತ್ತದೆ. ಫಂಗಸ್‌ಗೆ ಇಷ್ಟು ಸಾಕು. ಹೊರಗಿನಿಂದ ಬಂದ ಕೂಡಲೇ ಒಂದು ಬಕೆಟ್ ಉಗುರುಬೆಚ್ಚನೆ ನೀರಿನಲ್ಲಿ ಒಂದೊಂದೇ ಪಾದ ಅದ್ದಿ, ಬೆರಳು ಬಿಡಿಸಿ ತೊಳೆಯಿರಿ. ಸಾಬೂನು ಬೇಡ. ತೊಳೆಯುವುದಕ್ಕಿಂತ ಒರೆಸುವುದು ದೊಡ್ಡ ಕೆಲಸ. ಪ್ರತಿ ಸಂದಿಗೂ ಒಣ ಹತ್ತಿ ಬಟ್ಟೆ ಹೋಗಬೇಕು. ಜನ ಅವಸರ ಮಾಡುವುದು ಇಲ್ಲೇ.

ಒಣಗಲಿ ಎಂದದ್ದಕ್ಕೆ ಒಂದು ಅಪವಾದವಿದೆ. ಔಷಧಿ ಹೊಡೆದ ಭತ್ತದ ಗದ್ದೆಗೋ ಹತ್ತಿ ಹೊಲಕ್ಕೋ ನಾಯಿ ಇಳಿದಿದ್ದರೆ ಕಾಯಬೇಡಿ. ಕೈಗವಸು ಹಾಕಿಕೊಂಡು ಆಗಲೇ ನಾಯಿ ಶಾಂಪೂ ಹಚ್ಚಿ, ಪೂರ್ತಿ ಸ್ನಾನ ಮಾಡಿಸಿ. ಮೈ ನೆಕ್ಕಿಕೊಂಡರೆ ವಿಷ ಹೊಟ್ಟೆಗೆ ಹೋಗುತ್ತದೆ. ಜೊಲ್ಲು ಸುರಿಯುವುದು, ನಡುಕ, ವಾಂತಿ ಕಂಡರೆ ಸ್ನಾನಕ್ಕೂ ನಿಲ್ಲದೆ ಆಸ್ಪತ್ರೆಗೆ ಬನ್ನಿ.

ಇನ್ನು ಸಾಬೂನಿನ ವಿಷಯ. ನಾಯಿಯ ಚರ್ಮದ ಹೊರಪದರ ನಮ್ಮದಕ್ಕಿಂತ ತೆಳು. ಬಟ್ಟೆ ಸಾಬೂನು, ಪಾತ್ರೆ ತೊಳೆಯುವ ಲಿಕ್ವಿಡ್ ದಿನಾ ಬಿದ್ದರೆ ಚರ್ಮದ ಎಣ್ಣೆ ಅಂಶ ಹೋಗಿ ತುರಿಕೆ ಶುರುವಾಗುತ್ತದೆ. ಫಿನಾಯಿಲ್ ಹಾಕಿದ ನೀರಿನಲ್ಲಿ ತೊಳೆಯುವವರೂ ಇದ್ದಾರೆ. ದಯವಿಟ್ಟು ಬೇಡ. ಚರ್ಮ ಸುಡುತ್ತದೆ, ನೆಕ್ಕಿದರೆ ಅದು ವಿಷ. ನಾಯಿಗೆಂದೇ ಮಾಡಿದ ಶಾಂಪೂ ತಿಂಗಳಿಗೆ ಒಂದೆರಡು ಸಲ ಹಾಕಿದರೆ ಆಯಿತು.

ಪಾಮೇರಿಯನ್, ಲ್ಯಾಬ್, ಜರ್ಮನ್ ಶೆಫರ್ಡ್‌ಗಳಿಗೆ ಮೇಲಿನ ಕೂದಲ ಕೆಳಗೆ ಇನ್ನೊಂದು ಮೆತ್ತನೆಯ ಪದರ ಇರುತ್ತದೆ. ಮೇಲೆ ಒಣಗಿದಂತೆ ಕಂಡರೂ ಒಳಗೆ ತೇವ ಕೂತಿರುತ್ತದೆ, ಅಲ್ಲೇ ರಸಿಗೆ ಸೋರುವ ಹುಣ್ಣು ಏಳುತ್ತದೆ. ಕೂದಲು ಸರಿಸಿ ಬುಡ ಮುಟ್ಟಿ ನೋಡಿ. ಅದೇ ಹೊತ್ತಿಗೆ ಕಿವಿಯ ಒಳಗೆ, ಕೊರಳಪಟ್ಟಿಯ ಕೆಳಗೆ ಉಣ್ಣಿ ಇದೆಯಾ ನೋಡಿಬಿಡಿ.

ಒಂದು ವಿಷಯ ನಿಮ್ಮ ಆರೋಗ್ಯಕ್ಕೂ ಸೇರಿದ್ದು. ನಿಂತ ಕೊಳಚೆ ನೀರಿಗೆ ಇಲಿಯ ಮೂತ್ರ ಸೇರಿರಬಹುದು. ಅದರಿಂದ ನಾಯಿಗೆ ಇಲಿಜ್ವರ ಬರುತ್ತದೆ, ನಾಯಿಯ ಮೂತ್ರದಿಂದ ಮನುಷ್ಯರಿಗೂ ಹರಡಬಹುದು. ಕೈಯಲ್ಲಿ ಗಾಯವಿದ್ದರೆ ಬರಿಗೈಯಲ್ಲಿ ಕೆಸರು ತೊಳೆಯಬೇಡಿ. ನಿಮ್ಮ ನಾಯಿಗೆ ಹಾಕಿಸಿದ ವಾರ್ಷಿಕ ಲಸಿಕೆಯಲ್ಲಿ ಇಲಿಜ್ವರದ್ದೂ ಸೇರಿದೆಯೇ ಎಂದು ಡಾಕ್ಟರನ್ನು ಕೇಳಿ. ಜ್ವರ ಬಂದು ಊಟ ಬಿಟ್ಟರೆ, ಕಣ್ಣು ಹಳದಿಯಾದರೆ, ಮೂತ್ರದ ಬಣ್ಣ ಗಾಢವಾದರೆ ಅವತ್ತೇ ಕರೆತನ್ನಿ.