ಕೂಲಂಟ್ ಬದಲಿಸುವಾಗ: ರೇಡಿಯೇಟರ್ ತುಂಬಿತು, ಎಂಜಿನ್ ತುಂಬಿತೇ?

ಹಳೆಯ ಕೂಲಂಟ್ (ಎಂಜಿನ್ ತಣಿಸುವ ದ್ರವ) ಇಳಿಸುವುದರಲ್ಲಿ ಕಷ್ಟವೇನಿಲ್ಲ. ಎಂಜಿನ್ ಪೂರ್ತಿ ತಣ್ಣಗಾಗಿರಲಿ. ಬಿಸಿಯಲ್ಲಿ ಮುಚ್ಚಳ ತೆಗೆದರೆ ಒತ್ತಡ ತಪ್ಪಿದ ಕೂಲಂಟ್ ಒಮ್ಮೆಲೇ ಕುದಿದು ಮುಖಕ್ಕೆ ಚಿಮ್ಮುತ್ತದೆ. ರೇಡಿಯೇಟರ್ ತಳದ ಡ್ರೈನ್ ಪ್ಲಗ್ ಬಿಚ್ಚಿ ಬಕೆಟ್ಟಿಗೆ ಹರಿಸಿ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾದ ವಿಷ, ನಾಯಿ ಬೆಕ್ಕು ನೆಕ್ಕದಂತೆ ಮುಚ್ಚಿಡಿ. ಹೊಸದನ್ನು ಬಣ್ಣ ನೋಡಿ ಆರಿಸಬೇಡಿ, ಕೈಪಿಡಿ ನೋಡಿ.

ಬಕೆಟ್ಟಿಗೆ ಬಂದದ್ದನ್ನು ಅಳೆಯಿರಿ. ಇದು ನನ್ನ ನೆಚ್ಚಿನ ಉಪಾಯ. ಒಟ್ಟು 6 ಲೀಟರ್ ಹಿಡಿಯುವ ಕಾರಿನಿಂದ 4 ಲೀಟರ್ ಮಾತ್ರ ಬಂತು ಎನ್ನಿ. ಉಳಿದ 2 ಲೀಟರ್ ಎಂಜಿನ್ ಬ್ಲಾಕ್ ಮತ್ತು ಹೀಟರ್ ಕೋರ್‌ನೊಳಗೇ (ಕಾರಿನೊಳಗೆ ಬಿಸಿಗಾಳಿ ಕೊಡುವ ಚಿಕ್ಕ ರೇಡಿಯೇಟರ್) ನಿಂತಿದೆ. ಡಿಸ್ಟಿಲ್ಡ್ ವಾಟರ್ ಹಾಕಿ ಚೆನ್ನಾಗಿ ತೊಳೆದಿದ್ದರೆ ಆ 2 ಲೀಟರ್ ಬರೀ ನೀರು. ಅದರ ಮೇಲೆ ರೆಡಿಮಿಕ್ಸ್ (ಮೊದಲೇ ಅರ್ಧ ನೀರು ಬೆರೆಸಿದ ಕೂಲಂಟ್) ಸುರಿದರೆ ಗ್ಲೈಕಾಲ್ ಮೂರರಲ್ಲೊಂದು ಪಾಲಿಗೆ ಇಳಿಯುತ್ತದೆ. 50:50 ಬೇಕಾದರೆ ಮೊದಲು 3 ಲೀಟರ್ ಕಾನ್ಸಂಟ್ರೇಟ್ (ನೀರು ಬೆರೆಸದ ಕೂಲಂಟ್), ಆಮೇಲೆ 1 ಲೀಟರ್ ನೀರು.

ಇನ್ನು ತಲೆ ತಿನ್ನುವ ಭಾಗ. ಕತ್ತಿನವರೆಗೆ ತುಂಬಿದೆ, ಎಂಜಿನ್ ಬಿಸಿಯಾದ ಮೇಲೆ ಮಟ್ಟ ದಿಢೀರನೆ ಕುಸಿಯುತ್ತದೆ. ಸೋರಿಕೆಯೇ? ಅಲ್ಲ. ಎಂಜಿನ್ ಮತ್ತು ರೇಡಿಯೇಟರ್ ನಡುವಿನ ಹರಿವಿಗೆ ಬಾಗಿಲಾದ ಥರ್ಮೋಸ್ಟಾಟ್ ತಣ್ಣಗಿರುವಾಗ ಮುಚ್ಚಿರುತ್ತದೆ. ಸಾಮಾನ್ಯವಾಗಿ 80ರಿಂದ 90 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ತೆರೆಯುತ್ತದೆ. ಅಂದರೆ ನೀವು ಸುರಿದದ್ದು ಅದರ ಈಚೆಗಷ್ಟೇ ಸಲೀಸಾಗಿ ತುಂಬುತ್ತದೆ, ಆಚೆ ಗಾಳಿ ಸಿಕ್ಕಿಬಿದ್ದಿರುತ್ತದೆ. ಬಾಗಿಲು ತೆರೆದಾಗ ಗಾಳಿ ಹೊರಗೆ, ಕೂಲಂಟ್ ಒಳಗೆ, ಮಟ್ಟ ಇಳಿಯಲೇಬೇಕು. ಇಳಿಯದಿದ್ದರೆ ಅದು ಇನ್ನೂ ತೆರೆದಿಲ್ಲವೇ ಎಂದು ನೋಡಿ. ಇಳಿದಷ್ಟೂ ತುಂಬುತ್ತಾ ಹೋಗಿ.

ಆ ಗಾಳಿಯನ್ನು ಪಂಪೇ ತಳ್ಳಲಿ ಎಂದು ಬಿಡುವಂತಿಲ್ಲ. ಪಂಪಿನ ರೆಕ್ಕೆಗಳು ದ್ರವವನ್ನು ಎಸೆಯುತ್ತವೆ, ಗಾಳಿ ಬಂದರೆ ಸುಮ್ಮನೆ ತಿರುಗುತ್ತವೆ. ಇನ್ನೂ ಕೆಟ್ಟದ್ದೆಂದರೆ ಬಿಸಿ ಅಳೆಯುವ ಸೆನ್ಸರ್ ಗಾಳಿಯಲ್ಲಿ ಕೂತರೆ ಎಂಜಿನ್ನಿನ ಮೇಲ್ಭಾಗವಾದ ಹೆಡ್ ಕುದಿಯುತ್ತಿದ್ದರೂ ಡ್ಯಾಶ್‌ಬೋರ್ಡಿನ ಮುಳ್ಳು ಏರದೆ ಇರಬಹುದು.

ಬ್ಲೀಡ್ ಸ್ಕ್ರೂ (ಗಾಳಿ ಬಿಡುವ ತಿರುಪು) ಇದ್ದರೆ ಸ್ಟಾರ್ಟ್ ಮಾಡುವ ಮೊದಲೇ ಸಡಿಲಿಸಿ, ಗುಳ್ಳೆಯಿಲ್ಲದ ಧಾರೆ ಬಂದಾಗ ಬಿಗಿಮಾಡಿ. ಇಲ್ಲದಿದ್ದರೆ ಕಾರಿನ ಮೂತಿ ಎತ್ತರಿಸಿ, ಕತ್ತಿಗೆ ಬಿಗಿಯಾದ ಫನಲ್ ಕೂರಿಸಿ, ಹೀಟರ್ ಪೂರ್ತಿ ಬಿಸಿಗಿಟ್ಟು ಐಡಲ್‌ನಲ್ಲಿ ಓಡಿಸಿ. ಗುಳ್ಳೆ ನಿಂತು, ಕೂಲಿಂಗ್ ಫ್ಯಾನ್ ಒಂದೆರಡು ಸಲ ತಾನಾಗಿ ಶುರುವಾಗಿ ನಿಲ್ಲಲಿ. ಹೀಟರ್ ಐಡಲ್‌ನಲ್ಲಿ ತಣ್ಣಗೆ, ಆಕ್ಸಿಲರೇಟರ್ ಒತ್ತಿದಾಗ ಬಿಸಿಯಾಗಿ ಊದಿದರೆ ಗಾಳಿ ಇನ್ನೂ ಒಳಗಿದೆ ಎಂದೇ ಅನುಮಾನಿಸಿ.

ಪೂರ್ತಿ ಆರಿದ ಮೇಲೆ ರಿಸರ್ವಾಯರ್ (ಕೂಲಂಟಿನ ಪಕ್ಕದ ಡಬ್ಬಿ) ಮಟ್ಟ ನೋಡಿ. ಮೊದಲ ಕೆಲವು ಓಡಾಟಗಳಲ್ಲಿ ಚೂರು ಇಳಿಯುವುದು ಸಹಜ. ಆಮೇಲೂ ಇಳಿಯುತ್ತಲೇ ಇದ್ದರೆ ಹೋಸ್, ಪಂಪ್, ಹೆಡ್ ಗ್ಯಾಸ್ಕೆಟ್ (ಹೆಡ್ ಮತ್ತು ಬ್ಲಾಕ್ ನಡುವಿನ ಸೀಲ್) ಪರೀಕ್ಷಿಸಬೇಕು.