ಸಣ್ಣ ಮಿರರ್‌ಲೆಸ್ ಕ್ಯಾಮೆರಾ ಆರಿಸುವುದು: ಒಂದು ಭಾಗಾಕಾರದ ಟಿಪ್ಪಣಿ

ಲೆನ್ಸ್ ಬದಲಿಸಲು ಬರಬೇಕು, ಆದರೆ ಕೊರಳಿಗೆ ಭಾರವಾಗಬಾರದು. ಇಂಥ ಡಿಜಿಟಲ್ ಕ್ಯಾಮೆರಾ ಹುಡುಕುವವರ ಕಣ್ಣು ಮೊದಲು ಹೋಗುವುದು ಬಾಡಿಯ, ಅಂದರೆ ಲೆನ್ಸ್ ಬಿಟ್ಟ ಕ್ಯಾಮೆರಾದ ಮೇಲೆ: ಎಷ್ಟು ತೆಳುವಾಗಿದೆ, ಎಷ್ಟು ಗ್ರಾಂ ಇದೆ, ಜೇಬಿನಲ್ಲಿ ಹಿಡಿಯುತ್ತದೆಯೇ. ಓದುತ್ತಾ ಹೋದಂತೆ ನನಗೆ ಗಟ್ಟಿಯಾದ ಮಾತು ಬೇರೆ. ಹೊರಬೇಕಾದ ಭಾರವನ್ನು ತೀರ್ಮಾನಿಸುವುದು ಬಹುಮಟ್ಟಿಗೆ ಲೆನ್ಸ್. ಆ ಲೆನ್ಸ್ ಎಷ್ಟು ಬೆಳಕನ್ನು ಒಳಗೆ ಬಿಡುತ್ತದೆ ಎಂಬುದನ್ನು ಒಂದು ಭಾಗಾಕಾರದಿಂದ ತಿಳಿಯಬಹುದು. ಅದನ್ನು ತಲೆಯಲ್ಲಿ ಭದ್ರಪಡಿಸಿಕೊಳ್ಳಲು, ಇದೇ ದಾರಿಯಲ್ಲಿರುವ ಇತರರಿಗೂ ನೆರವಾಗಲಿ ಎಂದು ಈ ಟಿಪ್ಪಣಿ. ಶಟರ್ ವೇಗ, ಅಪರ್ಚರ್, ಐಎಸ್‌ಒ ಇವುಗಳ ಪರಿಚಯ ಇದೆ ಎಂದುಕೊಂಡು ಬರೆಯುತ್ತಿದ್ದೇನೆ.

ಕನ್ನಡಿ ಹೋದ ಮೇಲೆ

ಕನ್ನಡಿಯಿರುವ ಹಳೆಯ ಬಗೆಯ ಕ್ಯಾಮೆರಾ ಆದ ಡಿಎಸ್‌ಎಲ್‌ಆರ್‌ನಲ್ಲಿ ಲೆನ್ಸ್ ಮತ್ತು ಸೆನ್ಸರ್ (ಬೆಳಕನ್ನು ಚಿತ್ರವಾಗಿಸುವ ಫಲಕ) ನಡುವೆ ಕನ್ನಡಿ ಮೇಲೆದ್ದು ಇಳಿಯಲು ಜಾಗ ಬೇಕು. ಹೀಗಾಗಿ ಲೆನ್ಸ್ ಕೂರುವ ಬಳೆಯಿಂದ (ಇದೇ ಮೌಂಟ್) ಸೆನ್ಸರ್‌ವರೆಗಿನ ದೂರ ಕ್ಯಾನನ್ ಇಎಫ್‌ನಲ್ಲಿ 44 ಮಿ.ಮೀ., ನಿಕಾನ್ ಎಫ್‌ನಲ್ಲಿ 46.5 ಮಿ.ಮೀ. ಇತ್ತು. ಕನ್ನಡಿಯನ್ನು ತೆಗೆದಾಗ ಇದು ಸೋನಿ ಇ ಮೌಂಟ್‌ನಲ್ಲಿ 18, ನಿಕಾನ್ ಜಡ್‌ನಲ್ಲಿ 16, ಕ್ಯಾನನ್ ಆರ್‌ಎಫ್‌ನಲ್ಲಿ 20 ಮಿ.ಮೀ.ಗೆ ಇಳಿಯಿತು. ಒಲಿಂಪಸ್ ಮತ್ತು ಪ್ಯಾನಸಾನಿಕ್ ಕೂಡಿ 2008ರಲ್ಲಿ ಪ್ರಕಟಿಸಿದ ಮೈಕ್ರೋ ಫೋರ್ ಥರ್ಡ್ಸ್ ಈ ದಾರಿಯನ್ನು ತೆರೆಯಿತು. ಆ ವ್ಯವಸ್ಥೆಯ ಮೊದಲ ಕ್ಯಾಮೆರಾ ಅದೇ ವರ್ಷ ಬಂದ ಪ್ಯಾನಸಾನಿಕ್ ಜಿ1. ಬಾಡಿ ತೆಳುವಾಗಲು ಕಾರಣ ಇಷ್ಟೇ.

ಸೆನ್ಸರ್ ಅಳತೆಗಳು

ಫುಲ್ ಫ್ರೇಮ್ 36×24 ಮಿ.ಮೀ. ಎಪಿಎಸ್-ಸಿ ಸುಮಾರು 23.5×15.6, ಕ್ಯಾನನ್‌ನದು ಇದಕ್ಕಿಂತ ತುಸು ಚಿಕ್ಕದು. ಮೈಕ್ರೋ ಫೋರ್ ಥರ್ಡ್ಸ್ 17.3×13. ನಿಕಾನ್ 1 ಸರಣಿಯಲ್ಲಿದ್ದ ಒಂದು ಇಂಚಿನದು 13.2×8.8. ಹೆಸರಿನಲ್ಲಿ ಇಂಚು ಇದ್ದರೂ ಸೆನ್ಸರಿನ ಯಾವ ಬದಿಯೂ ಇಂಚಿನಷ್ಟಿಲ್ಲ. ಆದ್ದರಿಂದ ಹೆಸರನ್ನು ಬಿಟ್ಟು ಮಿಲಿಮೀಟರನ್ನೇ ನೋಡುವುದು ಒಳ್ಳೆಯದು.

ಫುಲ್ ಫ್ರೇಮ್‌ನ ಕರ್ಣವನ್ನು ಇನ್ನೊಂದು ಸೆನ್ಸರಿನ ಕರ್ಣದಿಂದ ಭಾಗಿಸಿದರೆ ಬರುವುದೇ ಕ್ರಾಪ್ ಫ್ಯಾಕ್ಟರ್: ಎಪಿಎಸ್-ಸಿಗೆ 1.5 (ಕ್ಯಾನನ್‌ಗೆ 1.6), ಮೈಕ್ರೋ ಫೋರ್ ಥರ್ಡ್ಸ್‌ಗೆ 2, ಒಂದು ಇಂಚಿಗೆ 2.7. ಲೆನ್ಸುಗಳನ್ನು ಗುರುತಿಸುವ ಮಿ.ಮೀ. ಸಂಖ್ಯೆ ಅವುಗಳ ಫೋಕಲ್ ಲೆಂತ್; ಅದು ಹೆಚ್ಚಿದಷ್ಟೂ ನೋಟ ಕಿರಿದು. ಮೈಕ್ರೋ ಫೋರ್ ಥರ್ಡ್ಸ್‌ನಲ್ಲಿ 25 ಮಿ.ಮೀ. ಲೆನ್ಸ್ ಕೊಡುವ ನೋಟದ ಅಗಲವನ್ನು ಫುಲ್ ಫ್ರೇಮ್‌ನಲ್ಲಿ ಪಡೆಯಲು 50 ಮಿ.ಮೀ. ಲೆನ್ಸ್ ಬೇಕು.

ಇಲ್ಲಿ ಹಲವರಿಗೆ ಒಂದು ಸಂಶಯ ಬರುತ್ತದೆ. ಲೆನ್ಸನ್ನು ಎಪಿಎಸ್-ಸಿಗೆಂದೇ ತಯಾರಿಸಿದ್ದರೆ, ಅದರ ಮೇಲಿನ ಸಂಖ್ಯೆಯನ್ನು ಗುಣಿಸಿಯೇ ಬರೆದಿರುತ್ತಾರಲ್ಲವೇ? ಇಲ್ಲ. ಲೆನ್ಸಿನ ಮೇಲಿರುವುದು ಯಾವಾಗಲೂ ಅದರ ನಿಜವಾದ ಫೋಕಲ್ ಲೆಂತ್. ಸೋನಿಯ 16-50 ಎಪಿಎಸ್-ಸಿಗೆಂದೇ ಮಾಡಿದ ಲೆನ್ಸ್; ಆದರೂ ಹೋಲಿಸುವಾಗ 1.5ರಿಂದ ಗುಣಿಸಿ 24-75 ಎಂದೇ ಓದಬೇಕು.

ಎಫ್ ಸಂಖ್ಯೆಯನ್ನೂ ಗುಣಿಸಬೇಕೇ?

ನನಗೆ ಅತಿ ಹೆಚ್ಚು ಕಾಟ ಕೊಟ್ಟ ಪ್ರಶ್ನೆ ಇದು. ಆದ್ದರಿಂದ ನಿಧಾನವಾಗಿ ಬಿಡಿಸುತ್ತೇನೆ.

ಒಲಿಂಪಸ್‌ನ 45 ಮಿ.ಮೀ. ಎಫ್/1.8 ಲೆನ್ಸನ್ನು ತೆಗೆದುಕೊಳ್ಳೋಣ. ಮೈಕ್ರೋ ಫೋರ್ ಥರ್ಡ್ಸ್‌ನಲ್ಲಿ ಅದರ ನೋಟ 90 ಮಿ.ಮೀ.ಗೆ ಸಮ. "ಎಫ್/1.8 ಎಲ್ಲಿದ್ದರೂ ಎಫ್/1.8" ಎನ್ನುವವರಿದ್ದಾರೆ. "ಫುಲ್ ಫ್ರೇಮ್ ಲೆಕ್ಕದಲ್ಲಿ ಅದು ಎಫ್/3.6" ಎನ್ನುವವರೂ ಇದ್ದಾರೆ. ಎರಡೂ ಸರಿ, ಏಕೆಂದರೆ ಇಬ್ಬರೂ ಉತ್ತರಿಸುತ್ತಿರುವುದು ಬೇರೆ ಬೇರೆ ಪ್ರಶ್ನೆಗಳಿಗೆ.

ಮೊದಲ ಪ್ರಶ್ನೆ ಎಕ್ಸ್‌ಪೋಶರಿನದು. ಎಫ್ ಸಂಖ್ಯೆ ಹೇಳುವುದು ಸೆನ್ಸರಿನ ಪ್ರತಿ ಚದರ ಮಿಲಿಮೀಟರಿಗೆ ಎಷ್ಟು ಬೆಳಕು ಬೀಳುತ್ತದೆ ಎಂಬುದನ್ನು. ಹಾಗಾಗಿ ಒಂದೇ ದೃಶ್ಯಕ್ಕೆ ಎಫ್/1.8, 1/125 ಸೆಕೆಂಡು, ಐಎಸ್‌ಒ 200 ಎಂದು ಇಟ್ಟರೆ ಯಾವ ಗಾತ್ರದ ಸೆನ್ಸರಿನಲ್ಲೂ ಚಿತ್ರದ ಹೊಳಪು ಒಂದೇ. ಈ ಲೆಕ್ಕಕ್ಕೆ ಗುಣಾಕಾರ ಬೇಡ.

ಎರಡನೆಯ ಪ್ರಶ್ನೆ ಒಟ್ಟು ಬೆಳಕಿನದು. ಚದರ ಮಿಲಿಮೀಟರಿಗೆ ಬೀಳುವುದು ಸಮವಾದರೂ ಚದರ ಮಿಲಿಮೀಟರುಗಳೇ ಸಮವಲ್ಲ. ಫುಲ್ ಫ್ರೇಮ್‌ನ ವಿಸ್ತೀರ್ಣ 864, ಮೈಕ್ರೋ ಫೋರ್ ಥರ್ಡ್ಸ್‌ನದು ಸುಮಾರು 225; ಹತ್ತಿರ ಹತ್ತಿರ ನಾಲ್ಕು ಪಟ್ಟು. ಚಿತ್ರದಲ್ಲಿ ಕಾಣುವ ಕಾಳುಕಾಳಾದ ನಾಯ್ಸ್ ಮುಖ್ಯವಾಗಿ ಇಡೀ ಚಿತ್ರಕ್ಕೆ ದಕ್ಕಿದ ಒಟ್ಟು ಬೆಳಕನ್ನು ಅವಲಂಬಿಸಿದೆ. ಆದ್ದರಿಂದ ಒಂದೇ ತಲೆಮಾರಿನ ಸೆನ್ಸರುಗಳಾದರೆ ಮೈಕ್ರೋ ಫೋರ್ ಥರ್ಡ್ಸ್‌ನ ಐಎಸ್‌ಒ 800, ನಾಯ್ಸ್‌ನಲ್ಲಿ ಫುಲ್ ಫ್ರೇಮ್‌ನ 3200ನ್ನು ಹೋಲುತ್ತದೆ. ಹಿನ್ನೆಲೆ ಎಷ್ಟು ಮಸುಕಾಗುತ್ತದೆ ಎಂಬುದೂ ಇದೇ ಲೆಕ್ಕಕ್ಕೆ ಸೇರುತ್ತದೆ. ಎಫ್ ಸಂಖ್ಯೆಯನ್ನು ಕ್ರಾಪ್ ಫ್ಯಾಕ್ಟರಿನಿಂದ ಗುಣಿಸಬೇಕಾದದ್ದು ಈ ಎರಡಕ್ಕೆ.

ಗುಣಿಸುವ ನಿಯಮವನ್ನು ಬಾಯಿಪಾಠ ಮಾಡಿದರೂ ಅದು ಏಕೆ ಹಾಗೆ ಎಂಬುದು ನನಗೆ ಹೊಳೆದದ್ದು ಎಫ್ ಸಂಖ್ಯೆಯನ್ನು ಬದಿಗಿಟ್ಟು ರಂಧ್ರವನ್ನು ನೋಡಿದಾಗ. ಫೋಕಲ್ ಲೆಂತ್ ಭಾಗಿಸು ಎಫ್ ಸಂಖ್ಯೆ: ಬಂದ ಉತ್ತರ, ಲೆನ್ಸನ್ನು ಮುಂದಿನಿಂದ ನೋಡಿದಾಗ ಒಳಗೆ ಕಾಣುವ ರಂಧ್ರದ ವ್ಯಾಸ, ಮಿಲಿಮೀಟರುಗಳಲ್ಲಿ. ಕೋಣೆಗೆ ಎಷ್ಟು ಬೆಳಕು ಬರುತ್ತದೆ ಎಂಬುದನ್ನು ಕಿಟಕಿಯ ಅಗಲ ಹೇಳುತ್ತದೆ, ಎದುರಿನ ಗೋಡೆಯ ಅಗಲವಲ್ಲ. ಇಲ್ಲಿ ರಂಧ್ರವೇ ಕಿಟಕಿ, ಸೆನ್ಸರ್ ಗೋಡೆ. ಎದುರಿಗಿರುವ ಮುಖದ ಒಂದು ಬಿಂದುವಿನಿಂದ ಹೊರಟ ಬೆಳಕಿನಲ್ಲಿ ಆ ರಂಧ್ರದಷ್ಟು ಅಗಲದ ಪಾಲು ಮಾತ್ರ ಒಳಗೆ ಬರುತ್ತದೆ. ಒಳಗೆ ಬಂದದ್ದು ದೊಡ್ಡ ಸೆನ್ಸರಿನ ಮೇಲೆ ಹರಡಿಕೊಳ್ಳಲಿ, ಚಿಕ್ಕದರ ಮೇಲೆ ಒತ್ತಾಗಿ ಬೀಳಲಿ, ಮೊತ್ತ ಅಷ್ಟೇ.

ಹಾಗಾದರೆ ನಿಯಮ ಹೀಗೆ: ನಿಂತ ಜಾಗ, ನೋಟದ ಅಗಲ, ಶಟರ್ ವೇಗ ಒಂದೇ ಆಗಿದ್ದು ರಂಧ್ರದ ವ್ಯಾಸವೂ ಒಂದೇ ಆದರೆ, ಹಿನ್ನೆಲೆಯ ಮಸುಕು ಒಂದೇ, ಒಟ್ಟು ಬೆಳಕೂ ಒಂದೇ. ಮೈಕ್ರೋ ಫೋರ್ ಥರ್ಡ್ಸ್‌ನ 25 ಎಫ್/1.4ರ ರಂಧ್ರ 17.9 ಮಿ.ಮೀ. ಎಪಿಎಸ್-ಸಿಯ 35 ಎಫ್/2ರದು 17.5. ಫುಲ್ ಫ್ರೇಮ್‌ನ 50 ಎಫ್/2.8ರದು ಮತ್ತೆ 17.9. ಮೂರು ಸೆನ್ಸರುಗಳು, ಮೂರು ಎಫ್ ಸಂಖ್ಯೆಗಳು, ಚಿತ್ರ ಮಾತ್ರ ಬಹುತೇಕ ಒಂದೇ.

ಈ ಲೆಕ್ಕವನ್ನು ತಕ್ಕಡಿಗೆ ಹಾಕಿದರೆ

ನನಗೆ ತೀರ ಇಷ್ಟವಾದ ಭಾಗ ಇದು. ಪ್ಯಾನಸಾನಿಕ್ 25 ಎಫ್/1.4 ಲೆನ್ಸಿನ ತೂಕ 200 ಗ್ರಾಂ. ಫ್ಯೂಜಿಫಿಲ್ಮ್ ಎಕ್ಸ್‌ಎಫ್ 35 ಎಫ್/2 ಲೆನ್ಸಿನದು 170. ಸೋನಿಯ ಫುಲ್ ಫ್ರೇಮ್ ಲೆನ್ಸ್ 50 ಎಫ್/2.5 ಜಿ, ರಂಧ್ರ 20 ಮಿ.ಮೀ., ತೂಕ 174 ಗ್ರಾಂ. ಸೆನ್ಸರ್ ಚಿಕ್ಕದಾದ ಮಾತ್ರಕ್ಕೆ ಲೆನ್ಸ್ ಹಗುರಾಗಲಿಲ್ಲ; ರಂಧ್ರಗಳು ಹತ್ತಿರವಿದ್ದುದರಿಂದ ತೂಕಗಳೂ ಹತ್ತಿರವೇ ಉಳಿದವು.

ಈಗ ರಂಧ್ರ ಬೇರೆ ಬೇರೆಯಾಗಿರುವ ಜೋಡಿ. ಒಲಿಂಪಸ್ 45 ಎಫ್/1.8: ರಂಧ್ರ 25 ಮಿ.ಮೀ., ತೂಕ 116 ಗ್ರಾಂ. ಸೋನಿ ಎಫ್‌ಇ 85 ಎಫ್/1.8: ರಂಧ್ರ 47 ಮಿ.ಮೀ., ತೂಕ 371 ಗ್ರಾಂ. ಇಬ್ಬರೂ ಎಫ್/1.8 ಎಂದು ಬರೆದುಕೊಂಡಿದ್ದಾರೆ, ಇಬ್ಬರೂ ಮುಖಚಿತ್ರಕ್ಕೆ ಒಪ್ಪುವ ನೋಟವನ್ನೇ ಕೊಡುತ್ತಾರೆ. ಆದರೆ ಒಬ್ಬರು ಇನ್ನೊಬ್ಬರ ಮೂರುಪಟ್ಟು ತೂಗುತ್ತಾರೆ. ಆ ಹೆಚ್ಚಿನ 255 ಗ್ರಾಂ ವ್ಯರ್ಥವಲ್ಲ, ಅದು ಹೆಚ್ಚಿನ ಬೆಳಕು ಮತ್ತು ಹೆಚ್ಚಿನ ಮಸುಕಿನ ಬೆಲೆ. ನಿಮಗೆ ಅದು ಬೇಕೇ ಎಂಬುದೇ ಪ್ರಶ್ನೆ. 25 ಮಿ.ಮೀ. ರಂಧ್ರದಲ್ಲಿ ಬರುವ ಮುಖಚಿತ್ರ ನಿಮಗೆ ಹಿಡಿಸಿದರೆ 116 ಗ್ರಾಂ ಸಾಕು, ಯಾವ ಅಳುಕೂ ಬೇಡ.

ಬಾಡಿಯ ಜೊತೆಗೇ ಮಾರುವ ಕಿಟ್ ಲೆನ್ಸುಗಳಲ್ಲೂ ಇದೇ ಕಥೆ. ಮೈಕ್ರೋ ಫೋರ್ ಥರ್ಡ್ಸ್ ಆದ 2013ರ ಪ್ಯಾನಸಾನಿಕ್ ಜಿಎಂ1 ಬ್ಯಾಟರಿ ಸಹಿತ 204 ಗ್ರಾಂ, ಅದರ 12-32 ಲೆನ್ಸ್ 70 ಗ್ರಾಂ, ಒಟ್ಟು 274. ಎಪಿಎಸ್-ಸಿ ಆದ ಸೋನಿ ಎ6000 ಬಾಡಿ 344, 16-50 ಲೆನ್ಸ್ 116, ಒಟ್ಟು 460. ಫುಲ್ ಫ್ರೇಮ್ ಆದ ಸೋನಿ ಎ7ಸಿ 509, 28-60 ಲೆನ್ಸ್ 167, ಒಟ್ಟು 676. ಪೂರ್ತಿ ಜೂಮ್ ಮಾಡಿದಾಗ ಮೂರೂ ಎಫ್/5.6ಕ್ಕೆ ಬಂದು ನಿಲ್ಲುತ್ತವೆ. ರಂಧ್ರಗಳು ಮಾತ್ರ ಕ್ರಮವಾಗಿ 5.7, 8.9 ಮತ್ತು 10.7 ಮಿ.ಮೀ. ನಡುವಿನದು 75ರ ನೋಟ, ಉಳಿದೆರಡು 60ರ ಆಸುಪಾಸು. ಹಾಗಾಗಿ ಮೊದಲನೆಯದನ್ನೂ ಮೂರನೆಯದನ್ನೂ ನೇರವಾಗಿ ಹೋಲಿಸಬಹುದು. ಜಿಎಂ1 ಎಷ್ಟು ಹಗುರವೋ, ಮಂದ ಬೆಳಕಿನಲ್ಲಿ ಅಷ್ಟೇ ಹಿಂದೆ. ಆದರೆ ಅದೇ ಬಾಡಿಗೆ ಸುಮಾರು 100 ಗ್ರಾಂನ 20 ಎಫ್/1.7 ಹಾಕಿದರೆ ರಂಧ್ರ ಒಮ್ಮೆಲೇ 11.8 ಮಿ.ಮೀ.ಗೆ ಏರುತ್ತದೆ, ಒಟ್ಟು ತೂಕ 300 ದಾಟಿದಷ್ಟೇ. ಜೂಮ್ ಬಿಟ್ಟುಕೊಡಲು ಸಿದ್ಧರಿರುವವರಿಗೆ ಸಣ್ಣ ವ್ಯವಸ್ಥೆ ಕೊಡುವ ನಿಜವಾದ ಲಾಭ ಇದೇ ಎಂದು ನನ್ನ ಅನಿಸಿಕೆ.

ದೂರದ ಹಕ್ಕಿಗೆ ಈ ನಿಯಮ ತುಸು ಬಾಗುತ್ತದೆ. ಪ್ಯಾನಸಾನಿಕ್ 100-300ರ ತುದಿಯಲ್ಲಿ 300 ಎಫ್/5.6, ರಂಧ್ರ 54 ಮಿ.ಮೀ., ತೂಕ 520 ಗ್ರಾಂ. ಕ್ಯಾನನ್ ಆರ್‌ಎಫ್ 600 ಎಫ್/11ರ ರಂಧ್ರವೂ ಸುಮಾರು 54, ನೋಟವೂ ಅದೇ, ತೂಕ 930. ರಂಧ್ರ ಮುಂದಿನ ಗಾಜಿನ ಅಗಲವನ್ನು ಗೊತ್ತುಮಾಡುತ್ತದೆ, ಫೋಕಲ್ ಲೆಂತ್ ಕೊಳವೆಯ ಉದ್ದವನ್ನು. ಇಷ್ಟು ದೂರದ ಲೆನ್ಸುಗಳಲ್ಲಿ ಉದ್ದದ ಪಾಲು ದೊಡ್ಡದಾದ್ದರಿಂದ ಚಿಕ್ಕ ಸೆನ್ಸರಿನವರಿಗೆ ಇಲ್ಲಿ ಉಳಿತಾಯವಿದೆ.

ಇನ್ನು ಬೆಟ್ಟ, ಬಯಲು, ಕಟ್ಟಡಗಳಂತೆ ಎಲ್ಲವೂ ಸ್ಪಷ್ಟವಾಗಿ ಬೇಕಾದ ಚಿತ್ರಗಳು. ಫುಲ್ ಫ್ರೇಮ್‌ನಲ್ಲಿ ಎಫ್/11 ಇಡುವ ಕಡೆ ಮೈಕ್ರೋ ಫೋರ್ ಥರ್ಡ್ಸ್‌ನಲ್ಲಿ ಎಫ್/5.6 ಸಾಕು. ಸದಾ ಹೀಗೆ ತೆಗೆಯುವವರು ದೊಡ್ಡ ರಂಧ್ರವನ್ನು ಹೊತ್ತುಕೊಂಡು ಹೋಗಿ, ಅಲ್ಲಿ ಅದನ್ನು ಮುಚ್ಚುತ್ತಾರೆ.

ಹೋಲಿಸುವಾಗ ನಾನು ಮಾಡುವುದು

ಮೊಬೈಲಿನಲ್ಲಿ ಈಗಾಗಲೇ ತೆಗೆದ ಚಿತ್ರಗಳಲ್ಲಿ ಯಾವ ನೋಟ ಹೆಚ್ಚು ಎಂದು ನೋಡಿ, ಬೇಕಾದ ಎರಡು ಲೆನ್ಸುಗಳನ್ನು ಮೊದಲು ಗೊತ್ತುಮಾಡುವುದು. ಪ್ರತಿ ವ್ಯವಸ್ಥೆಯಲ್ಲೂ ಆ ಎರಡಕ್ಕೆ ಸಾಟಿಯಾದವನ್ನು ಹುಡುಕಿ, ರಂಧ್ರ ಭಾಗಿಸಿ, ತೂಕ ಬರೆದು, ಕೊನೆಗೆ ಬಾಡಿಯ ತೂಕ ಕೂಡಿಸುವುದು. ಬಾಡಿಯನ್ನು ಮಾತ್ರ ಹೋಲಿಸಿದ ಪಟ್ಟಿಯಿಂದ ನನಗೆ ಏನೂ ತಿಳಿಯುವುದಿಲ್ಲ.

ಮೌಂಟ್

ಬಾಡಿ ಹಳತಾದರೂ ಲೆನ್ಸ್ ಉಳಿಯುತ್ತದೆ, ಆದ್ದರಿಂದ ಮೌಂಟಿನ ಆಯುಷ್ಯ ಮುಖ್ಯ. ನಿಕಾನ್ 1 ಸರಣಿ 2011ರಲ್ಲಿ ಬಂದು 2018ರಲ್ಲಿ ನಿಂತಿತು. ಸ್ಯಾಮ್‌ಸಂಗ್ 2010ರಲ್ಲಿ ಎನ್‌ಎಕ್ಸ್10 ತಂದು, ಕೆಲವೇ ವರ್ಷಗಳಲ್ಲಿ ಕ್ಯಾಮೆರಾ ಮಾರುಕಟ್ಟೆಯಿಂದಲೇ ಹಿಂದೆ ಸರಿಯಿತು. ಕ್ಯಾನನ್‌ನ ಇಒಎಸ್ ಎಂ 2012ರಲ್ಲಿ ಶುರುವಾಯಿತು. 2018ರಲ್ಲಿ ಬಂದ ಆರ್‌ಎಫ್ ಬಾಡಿಗಳಿಗೆ ಅದರ ಲೆನ್ಸುಗಳು ಹೊಂದುವುದಿಲ್ಲ. 2010ರ ಎನ್‌ಇಎಕ್ಸ್ ಸರಣಿಯ ಕಾಲದ ಸೋನಿ ಇ ಮೌಂಟ್ ಲೆನ್ಸ್ ಇಂದಿನ ಎ7 ಸರಣಿಯ ಮೇಲೂ ಕೂರುತ್ತದೆ, ಸೆನ್ಸರಿನ ನಡುಭಾಗವನ್ನಷ್ಟೇ ಬಳಸಿ. ಒಲಿಂಪಸ್‌ನ ಕ್ಯಾಮೆರಾ ವಿಭಾಗ 2021ರಲ್ಲಿ ಒಎಂ ಡಿಜಿಟಲ್ ಸೊಲ್ಯೂಷನ್ಸ್ ಎಂಬ ಬೇರೆ ಕಂಪನಿಯ ಕೈಗೆ ಹೋದರೂ ಮೌಂಟ್ ಮುಂದುವರಿಯಿತು. ನಿಂತುಹೋದ ಮೌಂಟಿನ ಕ್ಯಾಮೆರಾವನ್ನು ಕೊಳ್ಳಬಾರದೆಂದೇನೂ ಇಲ್ಲ. ಬೇಕಾದ ಲೆನ್ಸುಗಳೆಲ್ಲ ಈಗಲೇ ಸಿಗುತ್ತವೆಯೇ ಎಂದು ನೋಡಿಕೊಂಡರೆ ಆಯಿತು.

ಬಾಡಿಯನ್ನು ಸಣ್ಣದು ಮಾಡುವಾಗ ಕಳೆದದ್ದು

ನಿಕಾನ್ ಜಡ್30, ಸೋನಿ ಜಡ್‌ವಿ-ಇ10 ಇವುಗಳಲ್ಲಿ ವ್ಯೂಫೈಂಡರ್ (ಕಣ್ಣಿಟ್ಟು ನೋಡುವ ಕಿಂಡಿ) ಇಲ್ಲ. ಬಿಸಿಲಿನಲ್ಲಿ ಪರದೆ ಕಾಣದ ಕಷ್ಟ ನನಗೆ ದೊಡ್ಡದು, ಹಾಗಾಗಿ ನಾನು ಅದಿಲ್ಲದ್ದನ್ನು ಆರಿಸುವುದಿಲ್ಲ.

ಬಾಡಿಯೊಳಗಿನ ಕಂಪನ ನಿಯಂತ್ರಣ ನಡುಗುವ ಕೈಗೆ ಮದ್ದು, ಓಡುವ ಮಗುವಿಗಲ್ಲ. ಮಗು ಮಸುಕಾಗದಿರಲು ವೇಗದ ಶಟರ್ ಬೇಕು, ಅದಕ್ಕೆ ಮತ್ತೆ ರಂಧ್ರವೇ ಬೇಕು.

ಪ್ಯಾನಸಾನಿಕ್ ಎಸ್9ನಂಥ ಕೆಲವು ಬಾಡಿಗಳಲ್ಲಿ ಯಾಂತ್ರಿಕ ಶಟರ್ ಇಲ್ಲ. ಇಲೆಕ್ಟ್ರಾನಿಕ್ ಶಟರ್ ಸೆನ್ಸರನ್ನು ಸಾಲು ಸಾಲಾಗಿ ಓದುವುದರಿಂದ ವೇಗದ ವಸ್ತುಗಳು ಓರೆಯಾಗಬಹುದು, ಕೆಲವು ಎಲ್‌ಇಡಿ ದೀಪಗಳ ಕೆಳಗೆ ಪಟ್ಟೆಗಳು ಮೂಡಬಹುದು. ಫ್ಲ್ಯಾಶ್ ಬಳಸುವವರು ಇದನ್ನು ಮೊದಲೇ ನೋಡಿಕೊಳ್ಳಬೇಕು.

ಹಳೆಯ ಡಿಎಸ್‌ಎಲ್‌ಆರ್ ಲೆನ್ಸುಗಳನ್ನು ಅಡಾಪ್ಟರ್ ಹಾಕಿ ಬಳಸುವ ಯೋಚನೆಯಿದ್ದರೆ ಮೌಂಟಿನ ದೂರಗಳನ್ನು ಕಳೆಯಿರಿ. ಇಎಫ್‌ನ 44ರಲ್ಲಿ ಸೋನಿಯ 18 ಕಳೆದರೆ 26 ಮಿ.ಮೀ., ನಿಕಾನ್ ಎಫ್‌ನ 46.5ರಲ್ಲಿ ಜಡ್‌ನ 16 ಕಳೆದರೆ 30.5 ಮಿ.ಮೀ. ಕನ್ನಡಿ ತೆಗೆದು ಉಳಿಸಿದ ದಪ್ಪವೆಲ್ಲ ಅಡಾಪ್ಟರ್ ರೂಪದಲ್ಲಿ ಲೆನ್ಸಿನ ಹಿಂದೆ ಮರಳಿ ಸೇರುತ್ತದೆ.